ಬೆವರು ಬಾರದವರು

ಹೆಸರು ಬರೆಯಬಾರದು ಎಂದು ಅವರೇ ಹೇಳಿದ್ದರು. ಕೆಲವು ವರ್ಷಗಳ ಹಿಂದೆ, ಅವರ ವಿಷಯವಾಗಿ ವೈದ್ಯಕೀಯ ಪತ್ರಿಕೆಯೊಂದಕ್ಕೆ ಎರಡು ಪುಟ ಬರೆಯಲು ನಾನು ಹೊರಟಾಗ, "ಬರೀರಿ ಡಾಕ್ಟ್ರೇ, ಬೇಕಾದ್ರೆ ಕೈಯ ಫೋಟೊ ಕೂಡ ಹಾಕಿ. ಹೆಸರು ಬೇಡ. ಹೆಸರು ನನ್ನೊಬ್ಬನದ್ದು. ಈ ಚರ್ಮ ಇನ್ನೂ ಎಷ್ಟೋ ಜನಕ್ಕೆ ಇರ್ಬಹುದು" ಎಂದಿದ್ದರು. ಆ ಲೇಖನ ನಾನು ಬರೆಯಲೇ ಇಲ್ಲ. ಕಳೆದ ಜುಲೈ ಕೊನೆಗೆ, ತುಳುವರ ಆಟಿ ತಿಂಗಳಲ್ಲಿ, ಮಂಗಳೂರಿನ ಮಳೆ ಹಿಡಿದು ಸುರಿಯುತ್ತಿದ್ದ ಒಂದು ಬೆಳಗಿನ ಜಾವ, ಅವರು ನಿದ್ದೆಯಲ್ಲೇ ಹೋದರು. ಹೃದಯ ನಿಂತಿತ್ತು. ಅರವತ್ತಮೂರು ಬೇಸಿಗೆಗಳಿಗೆ ಹೆದರಿ ಬದುಕಿದ ಮನುಷ್ಯ ವರ್ಷದಲ್ಲೇ ತಂಪಾದ ದಿನ ತೀರಿಕೊಂಡರು.

ನಾವೆಲ್ಲ ಅವರನ್ನು 'ಅಣ್ಣ' ಎನ್ನುತ್ತಿದ್ದೆವು. ನಮ್ಮ ಮೆಡಿಕಲ್ ಕಾಲೇಜಿನ ಫಿಸಿಯಾಲಜಿ ವಿಭಾಗದಲ್ಲಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಸುವ ವಿಭಾಗದಲ್ಲಿ, ಅವರು ಅಟೆಂಡರ್. ಮೈಕ್ರೋಸ್ಕೋಪು ಒರೆಸುವುದು, ಗಾಜಿನ ನಳಿಗೆ ತೊಳೆಯುವುದು, ಹೆದರಿದ ವಿದ್ಯಾರ್ಥಿಯ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದುಕೊಡುವುದು ಇವೆಲ್ಲ ಅವರ ಕೆಲಸ. ನಾನು ದಾವಣಗೆರೆ ಕಡೆಯವಳು. ಹದಿನೆಂಟಕ್ಕೆ ಓದಲು ಬಂದು, ಅತ್ತಾವರದ ಹಾಸ್ಟೆಲ್ಲಿನಲ್ಲಿ ಉಳಿದು, ಕೊನೆಗೆ ಅದೇ ವಿಭಾಗದಲ್ಲಿ ಪಾಠ ಮಾಡುವವಳಾದೆ. ಹೀಗೆ ಮೊದಲು ವಿದ್ಯಾರ್ಥಿನಿಯಾಗಿ, ಆಮೇಲೆ ಸಹೋದ್ಯೋಗಿಯಾಗಿ ಇಪ್ಪತ್ತು ವರ್ಷಕ್ಕೂ ಮೇಲೆ ಅವರನ್ನು ನೋಡಿದ್ದೇನೆ.

ಮೊದಲ ಸಲ ನೋಡಿದವರು ಸ್ವಲ್ಪ ಹಿಂದೆ ಸರಿಯುತ್ತಿದ್ದರು. ತಲೆಯ ಮೇಲೆ ಮೆಕ್ಕೆಜೋಳದ ತೆನೆಯ ಎಳೆಯಂಥ ತೆಳು ಕೂದಲು, ಹುಬ್ಬು ಇಲ್ಲವೆನ್ನುವಷ್ಟು ಕಡಿಮೆ. ಕಣ್ಣಿನ ಸುತ್ತ ಕಪ್ಪಗೆ ಸುಕ್ಕು. ಬಾಯಲ್ಲಿ ನಾಲ್ಕೈದೇ ಹಲ್ಲು, ಅವೂ ಮೊನೆಯಾಗಿದ್ದವು. ಚರ್ಮ ಕಾಗದದಂತೆ ಒಣಗಿರುತ್ತಿತ್ತು. ಮೂವತ್ತರಲ್ಲೇ ಮುದುಕರಂತೆ ಕಾಣುತ್ತಿದ್ದರಂತೆ. ಹಾಗಾಗಿ ಅವರಿಗೆ ವಯಸ್ಸಾದದ್ದು ನಮಗೆ ಯಾರಿಗೂ ಗೊತ್ತಾಗಲಿಲ್ಲ.

ಅವರ ಮೈಯಲ್ಲಿ ಬೆವರಿನ ಗ್ರಂಥಿಗಳಿರಲಿಲ್ಲ. ಹುಟ್ಟಿನಿಂದಲೇ ಇರಲಿಲ್ಲ. ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ನಾವೆಲ್ಲ ಬೆಳಿಗ್ಗೆ ಹತ್ತಕ್ಕೇ ಬೆನ್ನಿಗೆ ಅಂಟಿದ ಅಂಗಿಯನ್ನು ಬಿಡಿಸಿಕೊಳ್ಳುತ್ತಾ ಗೊಣಗುತ್ತಿದ್ದರೆ, ಅವರು ಒಣಗಿದ ಮೈಯಲ್ಲಿ ಒಳಗೊಳಗೇ ಬೇಯುತ್ತಿದ್ದರು. ಲ್ಯಾಬಿನ ಮೂಲೆಯ ನಲ್ಲಿಯ ಕೆಳಗೆ ಅವರದ್ದೊಂದು ಬಕೆಟ್ ಯಾವಾಗಲೂ ಇರುತ್ತಿತ್ತು. ಅದರಲ್ಲಿ ಎರಡು ಬನಿಯನ್ನು, ಮೂರು ಬೈರಾಸು. ಬೈರಾಸು ಅಂದರೆ ಈ ಕಡೆಯ ತೆಳ್ಳನೆಯ ಟವೆಲ್ಲು. ಗಂಟೆಗೊಮ್ಮೆ ಒದ್ದೆ ಬನಿಯನ್ನು ಹಾಕಿಕೊಂಡು ಫ್ಯಾನಿನ ಅಡಿ ನಿಲ್ಲುತ್ತಿದ್ದರು. ಅದು ಒಣಗುತ್ತಾ ಬಂದಂತೆ ಮುಖದ ಕೆಂಪು ಇಳಿಯುತ್ತಿತ್ತು.

"ನಿಮಗೆ ಬೆವರು ಒಳಗಿನಿಂದ ಬರ್ತದೆ. ನನಗೆ ನಳ್ಳಿಯಿಂದ," ಎನ್ನುತ್ತಿದ್ದರು.

ಇನ್ನೊಂದು ಮಾತು ಅವರ ಬಾಯಲ್ಲಿ ಕೇಳುತ್ತಿದ್ದುದು, "ಇವತ್ತು ಗಾಳಿ ನೀರು ಕುಡಿಯುವುದಿಲ್ಲ." ಮೋಡ ಮುಸುಕಿ, ಎಲೆ ಅಲುಗದೆ, ಹೊರಗೆ ಹಾಕಿದ ಬಟ್ಟೆ ಸಂಜೆಯವರೆಗೂ ಹಸಿಯಾಗಿಯೇ ಇರುವ ದಿನಗಳಲ್ಲಿ ಹೀಗನ್ನುತ್ತಿದ್ದರು. ಅಂಥ ದಿನ ಒದ್ದೆ ಬನಿಯನ್ನೂ ಉಪಯೋಗಕ್ಕೆ ಬಾರದು. ಕರೆಂಟೂ ಹೋದರೆ ಬಕೆಟ್ಟಿನಲ್ಲಿ ಎರಡೂ ಕಾಲಿಟ್ಟು, ಕಣ್ಣು ಮುಚ್ಚಿ, ಯಾರೊಡನೆಯೂ ಮಾತಾಡದೆ ಕುಳಿತಿರುತ್ತಿದ್ದರು. ಆಗ ಅವರ ಹತ್ತಿರ ಯಾರೂ ಹೋಗುತ್ತಿರಲಿಲ್ಲ.

ಮನೆ ಬೆಂಗ್ರೆಯಲ್ಲಿ, ನದಿಯ ಆಚೆ ದಡದಲ್ಲಿ, ಕಡಲಿನ ಬದಿಗೆ. ಬಿಸಿಲೇರುವ ಮೊದಲೇ ಮೊದಲ ಫೆರಿ ಹಿಡಿದು ಬಂದರಿಗೆ ಇಳಿದು, ಅಲ್ಲಿಂದ ಕಾಲೇಜಿಗೆ ನಡೆದು ಬರುತ್ತಿದ್ದರು. ಸೂರ್ಯ ಮುಳುಗಿದ ಮೇಲೆಯೇ ಹೊರಡುತ್ತಿದ್ದರು. ಬೇಸಿಗೆಯ ತಿಂಗಳುಗಳಲ್ಲಿ ತಮ್ಮ ಊರನ್ನು ಅವರು ಹಗಲು ನೋಡಿದ್ದೇ ಕಡಿಮೆ.

ನಾನು ಅವರನ್ನು ಮೊದಲು ಹತ್ತಿರದಿಂದ ಕಂಡದ್ದು ಮೊದಲ ವರ್ಷದ ಬೆವರಿನ ಪ್ರಯೋಗದ ದಿನ. ಆಗ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಪ್ರೊಫೆಸರರು ಮೊದಲ ಬೆಂಚಿನಲ್ಲಿದ್ದ ನನ್ನನ್ನು ಎಬ್ಬಿಸಿ ಮುಂದೆ ಕರೆದರು. ಮೇಜಿನ ಒಂದು ಕಡೆ ನಾನು, ಇನ್ನೊಂದು ಕಡೆ ಅವರು. ಇಬ್ಬರ ಮುಂಗೈಗೂ ಅಯೋಡಿನ್ ಹಚ್ಚಿ, ಅದು ಒಣಗಿದ ಮೇಲೆ ಸ್ಟಾರ್ಚ್ ಪುಡಿ ಉದುರಿಸಿ, ಮೇಲೆ ಬಿಸಿ ದೀಪ ಹೊತ್ತಿಸಿದರು. ಬೆವರು ತಾಗಿದಲ್ಲಿ ಅದು ಕಪ್ಪು ನೀಲಿಯಾಗುತ್ತದೆ. ಮೂರು ನಿಮಿಷದಲ್ಲಿ ನನ್ನ ಕೈಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು ಎದ್ದವು. ಅವರ ಕೈ ಹಳದಿಯಾಗಿಯೇ ಇತ್ತು.

"ನೋಡಿ, ಹತ್ತು ನಿಮಿಷ ಬಿಟ್ಟರೂ ಹೀಗೇ," ಎಂದು ಪ್ರೊಫೆಸರರು ಅವರ ಕೈಯನ್ನು ಎತ್ತಿ ಹಿಡಿದು ನೂರೈವತ್ತು ಜನಕ್ಕೆ ತೋರಿಸಿದರು. "ಬಾಯಿ ತೆರಿ," ಎಂದರು. ಅವರು ತೆರೆದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಇಳಿದು ಮುಂದಿನವರೆಗೂ ಬಂತು. ನಾನೂ ನಕ್ಕೆನೋ ಇಲ್ಲವೋ ಈಗ ನೆನಪಿಲ್ಲ. ನಗಲಿಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ. ಅವರು ಬಾಯಿ ಮುಚ್ಚಿ, ಹತ್ತಿಯಿಂದ ಮೊದಲು ನನ್ನ ಕೈ ಒರೆಸಿದರು, ಆಮೇಲೆ ತಮ್ಮದು. "ಕಲೆ ಹೋಗ್ಲಿಕ್ಕೆ ಎರಡು ದಿನ ಬೇಕು, ಹೆದರ್ಬೇಡಿ," ಎಂದು ನನಗೆ ಮಾತ್ರ ಕೇಳುವಂತೆ ಹೇಳಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಹನ್ನೆರಡು ವರ್ಷಗಳ ನಂತರ ಅದೇ ಪಾಠ ನನ್ನ ಪಾಲಿಗೆ ಬಂತು. ಹಿಂದಿನ ದಿನ ಲ್ಯಾಬಿಗೆ ಹೋಗಿ, "ಅಣ್ಣ, ನಾಳೆ ನಿಮ್ಮ ಕೈ ತೋರಿಸಬಹುದಾ? ನಿಮಗೆ ಬೇಡ ಅನಿಸಿದರೆ ನಾನು ಚಿತ್ರ ತೋರಿಸ್ತೀನಿ," ಎಂದು ಕೇಳಿದೆ.

"ಕೇಳುವುದು ಎಂತದು, ಡ್ಯೂಟಿ ಅಲ್ವಾ?" ಎಂದು ನಳಿಗೆ ತೊಳೆಯುತ್ತಲೇ ಅಂದರು. ನಾನು ಬಾಗಿಲು ದಾಟುವಾಗ ಕರೆದರು. "ಡಾಕ್ಟ್ರೇ, ಇಷ್ಟು ವರ್ಷದಲ್ಲಿ ಕೇಳಿದವರು ನೀವೊಬ್ಬರೇ. ಬಾಯಿ ತೆರೆಯುವುದಿಲ್ಲ. ಕೈ ಕೊಡ್ತೇನೆ. ಮತ್ತೆ, ಎರಡು ಮಾತು ನಾನೂ ಹೇಳ್ಬಹುದಾ?"

ಮರುದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಒಳಗೆ ಒದ್ದೆ ಬನಿಯನ್ನು. ಅಂಗಿಯ ಮೇಲೆ ಅದರ ಗುರುತು ನಿಧಾನವಾಗಿ ಹರಡುತ್ತಿತ್ತು. ಹಳದಿಯಾಗಿಯೇ ಉಳಿದ ಕೈಯನ್ನು ತಾವೇ ಎತ್ತಿ ಹಿಡಿದು ಹೇಳಿದರು:

"ಬೆವರಿನಲ್ಲಿ ಮೈಯ ಕಸ ಎಲ್ಲ ಹೋಗ್ತದೆ ಅಂತ ಜನ ಹೇಳ್ತಾರೆ. ಹಾಗಾದ್ರೆ ನಾನು ಯಾವತ್ತೋ ಸಾಯ್ಬೇಕಿತ್ತು. ಬೆವರಿನಲ್ಲಿ ಹೋಗುವುದು ನೀರು, ಉಪ್ಪು. ಕಸ ಅಂದ್ರೆ ಯೂರಿಯಾದಂಥದ್ದು, ಅದು ಒಂದು ಚೂರು. ಕಸ ಹೊರಗೆ ಹಾಕುವ ಕೆಲಸ ಕಿಡ್ನಿಯದ್ದು. ನನ್ನ ಕಿಡ್ನಿ ಸರಿ ಉಂಟು, ಕಸ ಸರಿಯಾಗಿ ಹೋಗ್ತದೆ. ನನಗೆ ಇಲ್ಲದ್ದು ಬಿಸಿ ಹೋಗುವ ಬಾಗಿಲು. ನಿಮ್ಮ ಮೈಮೇಲೆ ಆ ಬಾಗಿಲು ಲಕ್ಷಗಟ್ಟಲೆ ಉಂಟು. ನೀರು ಹೊರಗೆ ಬಂದು, ಒಣಗಿ, ಬಿಸಿಯನ್ನು ತಗೊಂಡು ಹೋಗ್ತದೆ. ನೀವು ಗೊತ್ತೇ ಇಲ್ಲದೆ ಮಾಡುವ ಕೆಲಸ ನಾನು ಬಕೆಟ್ ಇಟ್ಕೊಂಡು ಮಾಡ್ತೇನೆ. ಅಷ್ಟೇ."

ಯಾರೂ ನಗಲಿಲ್ಲ. ಒಬ್ಬ ಹುಡುಗಿ ಎದ್ದು, "ಅಣ್ಣ, ನಿಮಗೆ ಎಂದಾದ್ರೂ ಬೆವರ್ಬೇಕು ಅಂತ ಅನಿಸಿದೆಯಾ?" ಎಂದು ಕೇಳಿದಳು. ಅವರು ಎತ್ತಿದ ಕೈ ಇಳಿಸಿದರು. "ನಮ್ಮವರೆಲ್ಲ ಬಲೆ ಎಳೆಯುವವರು ಮಗಾ. ಬೆವರು ಸುರಿಸದೆ ಉಣ್ಣುವವ ಅಂತ ಹೇಳಿಸ್ಕೊಂಡಾಗ ಅನಿಸಿದ್ದುಂಟು," ಎಂದರು.

ಅಲ್ಲಿಂದ ಮುಂದೆ ಅವರ ನಿವೃತ್ತಿಯವರೆಗೂ ಆ ಪಾಠ ಅವರದ್ದೇ. ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ.

ಅವರ ಬಾಲ್ಯದ ವಿಷಯ ತುಣುಕು ತುಣುಕಾಗಿ ತಿಳಿಯಿತು. ಹುಟ್ಟಿದ ವರ್ಷದ ಬೇಸಿಗೆಯಲ್ಲಿ ಮೈ ಕೆಂಡವಾಗುತ್ತಿತ್ತಂತೆ. ಯಾವ ಔಷಧಿಗೂ ಇಳಿಯುತ್ತಿರಲಿಲ್ಲ. ಅವರ ಅಮ್ಮನ ತಮ್ಮನೊಬ್ಬ ಹಸುಗೂಸಾಗಿದ್ದಾಗಲೇ ಇಂಥದ್ದೇ ಜ್ವರದಲ್ಲಿ ಹೋಗಿದ್ದ. ಮಗನೂ ಹೋಗುತ್ತಾನೆಂದು ಹೆದರಿದ ಅಮ್ಮ ಒಂದು ದಿನ ಏನೂ ತೋಚದೆ ಅವರನ್ನು ಎತ್ತಿಕೊಂಡು ಸಮುದ್ರದ ಕಡೆ ಓಡಿ, ಅಲೆ ಬಂದು ಹೋದ ಹಸಿ ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ, ಮಲಗಿಸಿದರಂತೆ. ಮಗು ಅಳು ನಿಲ್ಲಿಸಿತು. ಅಮ್ಮನಿಗೆ ಔಷಧಿ ಸಿಕ್ಕಿತು. ನಾಲ್ಕು ವರ್ಷ ಆಗುವವರೆಗೂ ಮಧ್ಯಾಹ್ನಗಳನ್ನು ಅವರು ಕಳೆದದ್ದು ಹಸಿ ಹೊಯಿಗೆಯ ಮೇಲೆ, ಅಮ್ಮನ ಸೀರೆಯ ನೆರಳಲ್ಲಿ.

ಹದಿನಾಲ್ಕಕ್ಕೆ ಅಪ್ಪ ಅವರನ್ನು ಬೋಟಿಗೆ ಕರೆದುಕೊಂಡು ಹೋದರು. ಮೀನುಗಾರರ ಮನೆಯ ಗಂಡು ಕಡಲಿಗೆ ಇಳಿಯದೆ ಇರುವುದುಂಟೇ ಎಂದು. ಮಧ್ಯಾಹ್ನದ ಹೊತ್ತಿಗೆ ಅವರು ಪ್ರಜ್ಞೆ ತಪ್ಪಿ ಬಿದ್ದರು. ಕೊಡ ಕೊಡ ಕಡಲ ನೀರು ಮೈಮೇಲೆ ಸುರಿಯುತ್ತಾ, ಬಲೆಯನ್ನೇ ಹಾಕದೆ ಬೋಟು ತಿರುಗಿಸಿದರು. "ಆವತ್ತು ಉಳಿದವರಿಗೆಲ್ಲ ಮೀನು ರಾಶಿ ಬಿತ್ತು. ನಮ್ಮ ಬೋಟಿನವರು ಯಾರೂ ನನ್ನನ್ನು ಬೈಯ್ಲಿಲ್ಲ. ಬೈದಿದ್ರೆ ಒಳ್ಳೆಯದಿತ್ತು," ಎಂದಿದ್ದರು. ಆಮೇಲೆ ಅಪ್ಪ ಅವರನ್ನು ಎಂದೂ ಕರೆಯಲಿಲ್ಲ.

ಅವರು ಮದುವೆಯಾಗಿರಲಿಲ್ಲ. ಅಕ್ಕನ ಸಂಸಾರದ ಜೊತೆ ಇದ್ದರು. ಅಕ್ಕನಿಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ಹುಟ್ಟಿದಾಗ ಇವರು ತಿಂಗಳುಗಟ್ಟಲೆ ಒಂದೇ ಕೆಲಸ ಮಾಡಿದರಂತೆ. ಸಂಜೆ ಮನೆಗೆ ಬಂದವರು ಮಲಗಿದ ಕೂಸಿನ ಕತ್ತಿನ ಹಿಂದೆ ಬೆರಳಿಟ್ಟು ನೋಡುವುದು. ಒದ್ದೆ ಇದೆಯಾ? ಇದ್ದರೆ ಆ ಬೆರಳನ್ನು ಒರೆಸದೆ ಊಟಕ್ಕೆ ಕೂರುತ್ತಿದ್ದರು ಎಂದು ಅಕ್ಕ ಹೇಳಿದರು.

ಆ ಬೆರಳೇ ಒಂದು ಮಗುವನ್ನು ಉಳಿಸಿತು. ಅದನ್ನು ಇಲ್ಲಿ ಹೇಳಬೇಕು.

ಒಂದು ಮೇ ತಿಂಗಳು. ನಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಐದು ತಿಂಗಳ ಗಂಡು ಕೂಸೊಂದು ಮೂರು ವಾರದಿಂದ ಇತ್ತು. ಜ್ವರ ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ರಕ್ತದಲ್ಲಿ ಏನೂ ಇಲ್ಲ, ಬೆನ್ನುಹುರಿಯ ನೀರಿನಲ್ಲಿ ಏನೂ ಇಲ್ಲ. ವೈದ್ಯರು ಹುಡುಕಬೇಕಾದ್ದನ್ನೆಲ್ಲ ಹುಡುಕಿದ್ದರು. ಎಲ್ಲೂ ಸಿಗದ ಸೋಂಕಿಗೆ ಔಷಧಿ ಬದಲಾಗುತ್ತಾ ಇತ್ತು. ಕೂಸಿನ ಅಜ್ಜಿ ಬೆಂಗ್ರೆಯವರು, ಅಣ್ಣನ ಮನೆಯ ಹತ್ತಿರದವರು. ಅಕ್ಕ ಕಟ್ಟಿಕೊಟ್ಟ ಗಂಜಿ ಕೊಡಲೆಂದು ಅಣ್ಣ ವಾರ್ಡಿಗೆ ಹೋದರು. ಅಜ್ಜಿ ಅಳುತ್ತಾ ಕೂಸನ್ನು ಅವರ ತೊಡೆಯ ಮೇಲೆ ಹಾಕಿದರು.

ಅರ್ಧ ಗಂಟೆಯಲ್ಲಿ ಅವರು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಬಿಸಿಲಿನಲ್ಲಿ ಓಡಿ ಬಂದದ್ದರಿಂದ ಮುಖ ಕೆಂಡದ ಹಾಗಿತ್ತು, ಉಸಿರು ಸಿಗುತ್ತಿರಲಿಲ್ಲ.

"ಡಾಕ್ಟ್ರೇ, ಆ ಮಗುವಿಗೆ ಜ್ವರ ಅಲ್ಲ. ಅದಕ್ಕೆ ಬೆವರುವುದಿಲ್ಲ. ಮೂರು ಬಟ್ಟೆ ಸುತ್ತಿ ಮಲಗಿಸಿದ್ದಾರೆ. ಕತ್ತು ಮುಟ್ಟಿ ನೋಡಿದೆ, ಒಣಗಿದ ಚರ್ಮ. ನನ್ನ ಹಾಗೇ."

ನಾನು ಕೂಡಲೇ ಏಳಲಿಲ್ಲ. ಇದನ್ನೂ ಹೇಳಿಬಿಡಬೇಕು. ಪಾಠ ಮಾಡುವವಳು ನಾನು, ವಾರ್ಡಿನಲ್ಲಿ ನನ್ನ ಮಾತಿಗೆ ಸ್ಥಾನವಿಲ್ಲ. ಮಕ್ಕಳ ವೈದ್ಯರು ನನಗಿಂತ ಹದಿನೈದು ವರ್ಷ ಹಿರಿಯರು. ಅಟೆಂಡರ್ ಹೇಳಿದರು ಎಂದು ಅವರ ಮುಂದೆ ಹೋಗಿ ನಿಲ್ಲುವುದು ಹೇಗೆ? "ಸಂಜೆ ಮಾತಾಡಿ ನೋಡ್ತೀನಿ ಅಣ್ಣ," ಎಂದೆ.

ಅವರು ನನ್ನ ಮೇಜಿನ ಮೇಲಿದ್ದ ನೀರಿನ ಬಾಟಲಿ ತೆಗೆದು ತಲೆಯ ಮೇಲಿಂದ ಸುರಿದುಕೊಂಡರು. ನೆಲವೆಲ್ಲ ಒದ್ದೆಯಾಯಿತು. "ನೀವು ಬಾರದಿದ್ರೆ ನಾನೇ ಹೋಗಿ ಹೇಳ್ತೇನೆ. ನಾನು ಹೇಳಿದ್ರೆ ಕೇಳುವುದಿಲ್ಲ. ನೀವು ಹೇಳಿದ್ರೆ ಕೇಳ್ಬಹುದು. ಸಂಜೆಯವರೆಗೆ ಆ ಮಗು ಬೇಯ್ತದೆ ಡಾಕ್ಟ್ರೇ. ಹೇಗೆ ಅಂತ ನನಗೆ ಗೊತ್ತುಂಟು."

ಹೋದೆವು. ಮಕ್ಕಳ ವೈದ್ಯರು ದೊಡ್ಡ ಮನುಷ್ಯ. ನನ್ನ ಮಾತು ಮುಗಿಯುವ ಮೊದಲೇ ಅಣ್ಣನ ಮುಖ ನೋಡಿದರು, ಕೂಸಿನ ಮುಖ ನೋಡಿದರು. ಅದೇ ತೆಳು ಕೂದಲು, ಕಣ್ಣಿನ ಸುತ್ತ ಅದೇ ಕಪ್ಪು. "ಅಯ್ಯೋ, ದಿನಾ ನೋಡ್ತಾ ಇದ್ದೆನಲ್ಲ," ಎಂದರು. ಬಟ್ಟೆ ಬಿಚ್ಚಿಸಿದರು. ಅಣ್ಣ ತಮ್ಮ ಬೈರಾಸನ್ನು ಹೊಸ ನೀರಿನಲ್ಲಿ ಹಿಂಡಿ ಕೂಸಿನ ಮೈಗೆ ಹೊದಿಸಿ, ಫ್ಯಾನಿನ ಕೆಳಗೆ ಮಲಗಿಸಿದರು. ಮುಕ್ಕಾಲು ಗಂಟೆಯಲ್ಲಿ ಥರ್ಮಾಮೀಟರ್ ಇಳಿಯಿತು. ಆ ದಿನದ ಸೂಜಿಮದ್ದು ಕೊಡಲಿಲ್ಲ. ಮರುದಿನದ್ದೂ ಇಲ್ಲ. ನಾಲ್ಕನೇ ದಿನ ಕೂಸು ಹಾಲು ಕುಡಿದು, ಅವರ ಬೆರಳು ಹಿಡಿದುಕೊಂಡು ಮಲಗಿತು.

ಒಂದೂವರೆ ತಿಂಗಳ ನಂತರ ಬೆಂಗಳೂರಿನಿಂದ ಆ ಕೂಸಿನ ವಂಶವಾಹಿಯ ಪರೀಕ್ಷೆಯ ಫಲಿತಾಂಶ ಬಂತು. ನಾವು ಅಂದುಕೊಂಡ ತೊಂದರೆಯೇ. ಮನೆಯವರಿಗೆ ಎಲ್ಲ ವಿವರಿಸಬೇಕಿತ್ತು. ಮಕ್ಕಳ ವೈದ್ಯರು ನನಗೇ ಒಪ್ಪಿಸಿದರು. ಅಜ್ಜಿಗೆ ತುಳು ಬಿಟ್ಟರೆ ಬೇರೆ ಭಾಷೆ ಸರಿಯಾಗಿ ತಿಳಿಯದು, ನನ್ನ ತುಳು ಬಸ್ಸಿಗೆ ಸಾಕಾಗುವಷ್ಟು. ಹಾಗಾಗಿ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನಾನು ಕನ್ನಡದಲ್ಲಿ ಒಂದು ವಾಕ್ಯ ಹೇಳುವುದು, ಅವರು ತುಳುವಿನಲ್ಲಿ ಹೇಳುವುದು.

ಕಾಗದದ ಮೇಲೆ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಬರೆದು ತೋರಿಸಿದೆ. ಇದು ತಾಯಿಯ ಕಡೆಯಿಂದ ಮಗನಿಗೆ ಬರುತ್ತದೆ. ತಾಯಿಯ ತಪ್ಪು ಏನೂ ಇಲ್ಲ, ಆಕೆಗೆ ಗೊತ್ತೂ ಇರುವುದಿಲ್ಲ. ಬೇಸಿಗೆಯಲ್ಲಿ ಹೀಗೆ ನೋಡಿಕೊಳ್ಳಿ, ಹಲ್ಲು ತಡವಾಗಿ ಬರುತ್ತದೆ, ಬುದ್ಧಿಗೆ ತೊಂದರೆ ಇಲ್ಲ. ಅಣ್ಣ ಸರಾಗವಾಗಿ ಹೇಳುತ್ತಾ ಹೋದರು. ಅಜ್ಜಿ ಕೇಳಿದರು, ಇವನಿಗೆ ಮುಂದೆ ಮದುವೆ ಮಾಡಬಹುದಾ? ಇವನ ಮಕ್ಕಳೂ ಹೀಗೇ ಆಗುತ್ತಾರಾ?

ನಾನು ಕಾಗದವನ್ನೇ ನೋಡುತ್ತಾ ಹೇಳಿದೆ: "ಧಾರಾಳವಾಗಿ ಮಾಡಬಹುದು. ಇವನ ಗಂಡುಮಕ್ಕಳಿಗೆ ಇದು ಬರುವುದಿಲ್ಲ. ಅಪ್ಪನಿಂದ ಮಗನಿಗೆ ಇದು ದಾಟುವುದೇ ಇಲ್ಲ. ಹೆಣ್ಣುಮಕ್ಕಳಲ್ಲಿ ಅಡಗಿ ಇರುತ್ತದೆ, ಅವರ ಮಕ್ಕಳಿಗೆ ಬರಬಹುದು, ಬಾರದೆಯೂ ಇರಬಹುದು."

ತುಳು ಬರಲಿಲ್ಲ. ನಾನು ತಲೆ ಎತ್ತಿದೆ.

"ಡಾಕ್ಟ್ರೇ," ಎಂದರು ಅವರು. "ಇನ್ನೊಮ್ಮೆ ಹೇಳಿ."

ಆಗ ನನಗೆ ಹೊಳೆಯಿತು. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಅಜ್ಜಿ ಉತ್ತರಕ್ಕಾಗಿ ಕಾಯುತ್ತಿದ್ದರು. ಅದೇ ವಾಕ್ಯವನ್ನು ಇನ್ನೊಮ್ಮೆ ಹೇಳಿದೆ. ಅಣ್ಣ ಅಜ್ಜಿಯ ಕಡೆ ತಿರುಗಿ, ಒಂದೊಂದೇ ಪದವಾಗಿ, ತಪ್ಪಿಲ್ಲದೆ ತುಳುವಿನಲ್ಲಿ ಹೇಳಿದರು. ಅಜ್ಜಿ ಕೈ ಮುಗಿದರು. ಅವರೂ ಕೈ ಮುಗಿದು, ಎದ್ದು, "ನಳಿಗೆ ತೊಳೆಯಲಿಕ್ಕೆ ಉಂಟು," ಎಂದು ಹೊರಟರು.

ನಾಲ್ಕು ದಿನ ಅವರು ನನ್ನ ಕೋಣೆಯ ಕಡೆ ಬರಲಿಲ್ಲ. ಐದನೇ ದಿನ ಸಂಜೆ ಎಲ್ಲ ಹೋದ ಮೇಲೆ ಬಂದು ಕುಳಿತರು. ನನ್ನೆದುರು ಅವರು ಕುಳಿತದ್ದು ಅದೇ ಮೊದಲು.

"ನನ್ನದೂ ಅದೇ ಅಲ್ವಾ?"

"ಪರೀಕ್ಷೆ ಮಾಡಿಸದೆ ಖಂಡಿತ ಹೇಳೋಕಾಗಲ್ಲ ಅಣ್ಣ. ಆದರೆ ನಿಮ್ಮ ಸೋದರಮಾವನ ವಿಷಯ ಕೇಳಿದರೆ, ಅದೇ ಇರಬೇಕು."

"ಪರೀಕ್ಷೆ ಬೇಡ." ಹೊರಗೆ ಮಳೆ ಶುರುವಾಗುವ ಗಾಳಿ ಎದ್ದಿತ್ತು. "ಮೂವತ್ತು ಆದಾಗ ಒಂದು ಹುಡುಗಿಯನ್ನು ನೋಡಿದ್ರು. ಈ ದಡದವಳು, ಬಂದರಿನ ಕಡೆಯವಳು. ಒಳ್ಳೆಯವಳು. ಅವಳ ಮನೆಯವರು ಒಪ್ಪಿದ್ರು, ಅವಳೂ ಒಪ್ಪಿದ್ಲು. ನಾನು ಬೇಡ ಅಂದೆ. ಯಾಕೆ ಅಂತ ಹೇಳ್ಲಿಲ್ಲ. ಗಂಡುಮಗು ಹುಟ್ಟಿದ್ರೆ ಅದನ್ನೂ ಹೊಯಿಗೆಯಲ್ಲಿ ಮಲಗಿಸ್ಬೇಕಲ್ಲ ಅಂತ. ನಮ್ಮಮ್ಮ ನಾಲ್ಕು ವರ್ಷ ಬಿಸಿಲಿನಲ್ಲಿ ಕೂತಿದ್ರು. ಇನ್ನೊಬ್ಬ ಹೆಣ್ಣನ್ನು ಹಾಗೆ ಕೂರಿಸುವುದು ಬೇಡ ಅಂತ."

"ನಾನು ಅವತ್ತು ಅದನ್ನು ನಿಮ್ಮ ಎದುರಿಗೆ ಹಾಗೆ ಹೇಳಬಾರದಿತ್ತು," ಎಂದೆ.

"ಯಾಕೆ? ಅಜ್ಜಿಗೆ ಗೊತ್ತಾಗ್ಬೇಕಿತ್ತಲ್ಲ." ಎದ್ದು ನಿಂತರು. "ನನಗೂ ಗೊತ್ತಾದದ್ದು ಒಳ್ಳೆಯದೇ. ಆದ್ರೆ ಒಂದು ಉಂಟು. ನಾನು ಕಾರಣ ಹೇಳ್ಲಿಲ್ಲ. ತನ್ನಲ್ಲಿ ಎಂತದೋ ಕಡಿಮೆ ಉಂಟು ಅಂತ ಅವಳಿಗೆ ಅನಿಸಿರ್ಬಹುದು. ಅದು ಸರಿಯಲ್ಲ."

ಅದರ ಮೇಲೆ ಆ ಮಾತು ನಮ್ಮ ನಡುವೆ ಬರಲಿಲ್ಲ. ಕೂಸು ಬೆಳೆಯಿತು. ಅದರ ಮನೆಯವರಿಗೆ ಒದ್ದೆ ಬನಿಯನ್ನು ತೊಡಿಸುವುದನ್ನು ಅವರೇ ಕಲಿಸಿದರು. ಮೂರು ವರ್ಷದ ಹಿಂದೆ ಅಣ್ಣ ನಿವೃತ್ತರಾದರು. ಸಭೆ ಬೇಡ ಎಂದರು. ಕೊನೆಯ ದಿನ ನಳಿಗೆಗಳನ್ನೆಲ್ಲ ತೊಳೆದು, ಕವುಚಿ ಇಟ್ಟು, ಕತ್ತಲಾದ ಮೇಲೆ ಹೊರಟರು.

ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಡವಾಗಿ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಫೆರಿ ದಾಟಿ ಅವರ ಮನೆಗೆ ಹೋದೆ. ಅಂಗಳದ ಚಪ್ಪರದಲ್ಲಿ ಊಟಕ್ಕೆ ಬಡಿಸುತ್ತಿದ್ದರು. ಅಕ್ಕ ನನ್ನನ್ನು ಒಳಗೆ ಕರೆದೊಯ್ದು, ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ಹೆಂಗಸಿನ ಪಕ್ಕದಲ್ಲಿ ಚಾಪೆ ಹಾಕಿದರು. ಐವತ್ತೈದು ದಾಟಿರಬಹುದು. ದೃಢವಾದ ಕೈಗಳು, ಹಣೆಯಲ್ಲಿ ಕುಂಕುಮವಿರಲಿಲ್ಲ. ಅಕ್ಕ ನನ್ನ ಕಿವಿಯಲ್ಲಿ, "ತಮ್ಮನಿಗೆ ನೋಡಿದ್ದು ಇವಳನ್ನೇ. ಮತ್ತೆ ಬೇರೆ ಕಡೆ ಮದುವೆ ಆಯ್ತು. ಗಂಡ ಹೋಗಿ ಎರಡು ವರ್ಷ. ಕಂಕನಾಡಿ ಮಾರ್ಕೆಟಲ್ಲಿ ಮೀನು ಮಾರ್ತಾಳೆ," ಎಂದು ಹೇಳಿ ಹೊರಗೆ ಹೋದರು.

ನಾನು ಯಾರೆಂದು ಆಕೆಗೆ ಗೊತ್ತಿತ್ತು. "ಆ ಡಾಕ್ಟ್ರು ನೀವಾ?" ಎಂದರು. ನಾನು ಹೌದೆಂದೆ. ಆಮೇಲೆ ತಾವಾಗಿಯೇ ಹೇಳತೊಡಗಿದರು.

"ಒಮ್ಮೆ ಮಾರ್ಕೆಟಿಗೆ ಬಂದಿದ್ರು ಮೇಡಂ. ಮಧ್ಯಾಹ್ನ, ಜನ ಕಡಿಮೆ ಆಗುವ ಹೊತ್ತಿಗೆ. ಮೀನಿಗೆ ಅಂತ ನಾನು ಎಣಿಸಿದೆ. ಬಂಗುಡೆ ಉಂಟು, ಹಾಕ್ಲಾ ಅಂತ ಕೇಳಿದೆ. ಅವರು ಮೀನು ನೋಡ್ಲಿಲ್ಲ. ಆವತ್ತು ನಾನು ಬೇಡ ಅಂದದ್ದು ನಿನ್ನಿಂದಾಗಿ ಅಲ್ಲ, ಅಂದ್ರು. ನನಗೆ ಬೆವರುವುದಿಲ್ಲ, ಮಗ ಹುಟ್ಟಿದ್ರೆ ಅವನಿಗೂ ಹಾಗೇ ಆಗ್ತದೆ ಅಂತ ಹೆದರಿದೆ. ಈಗ ಡಾಕ್ಟ್ರು ಹೇಳಿದ್ರು, ಆಗುವುದಿಲ್ಲವಂತೆ. ನಿನಗೆ ಕಾರಣ ಹೇಳ್ಬೇಕಿತ್ತು, ಹೇಳ್ಲಿಲ್ಲ, ತಪ್ಪಾಯ್ತು, ಅಂದ್ರು. ಅಷ್ಟು ದೊಡ್ಡ ಮನುಷ್ಯ, ಮಾರ್ಕೆಟಿನ ನಡುವಲ್ಲಿ ನನಗೆ ಕೈ ಮುಗಿದ್ರು."

"ನೀವು ಏನಂದ್ರಿ?"

"ಎಂತ ಹೇಳುವುದು? ಮುಖ ನೋಡಿದ್ರೆ ಬಿಸಿಲಿಗೆ ಸುಟ್ಟ ಹಾಗೆ ಇತ್ತು. ಟರ್ಪಾಲಿನ ನೆರಳಿಗೆ ಕೂರಿಸಿದೆ. ಐಸ್ ಪೆಟ್ಟಿಗೆಯ ನೀರು ತಗೊಂಡು ಕೈಕಾಲಿಗೆ ಹಾಕಿದೆ. ಆಯ್ತು, ಬಿಡಿ, ನನಗೆ ಬೇಜಾರಿಲ್ಲ, ಅಂದೆ. ಬಿಸಿಲು ಇಳಿಯುವವರೆಗೆ ಕೂತಿದ್ದು ಹೋದ್ರು."

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಒಂದು ಮಾತು ಅವರಿಗೆ ಹೇಳ್ಲಿಲ್ಲ ಮೇಡಂ. ಹೇಳ್ಬಾರದು ಅಂತ ಅನಿಸಿತು. ಅವರಿಗೆ ಬೆವರುವುದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಎರಡೂ ದಡದಲ್ಲಿ ಯಾರಿಗೆ ಗೊತ್ತಿರಲಿಲ್ಲ? ಮಗುವಿಗೂ ಬರ್ಬಹುದು ಅಂತ ನನ್ನ ಅಮ್ಮನೇ ಹೇಳಿದ್ರು. ಬಂದ್ರೆ ನೋಡಿಕೊಂಡ್ರಾಯ್ತು, ಕಡಲು ಮನೆಯ ಎದುರೇ ಉಂಟಲ್ಲ, ಅಂದಿದ್ದೆ ನಾನು. ಗೊತ್ತಿದ್ದೇ ಒಪ್ಪಿದ್ದು."

ಹೊರಗಿನಿಂದ ಯಾರೋ ಊಟಕ್ಕೆ ಕರೆದರು. ಆಕೆ ಎದ್ದು, ನನಗೂ ಏಳಲು ಕೈ ಕೊಟ್ಟರು.